ಡಲ್ಲಾಸ್‌ನಲ್ಲಿರುವ ತಮ್ಮನಿಗೆ ಗದ್ದೆಯ ಸುದ್ದಿ ಮುಟ್ಟಿಸುವುದು ಹೇಗೆ?

ನನ್ನ ತಮ್ಮ ಡಲ್ಲಾಸ್‌ಗೆ ಹೋಗಿ ಒಂಬತ್ತು ವರ್ಷ ಆಯಿತು. ಗಂಗಾವತಿ ಹತ್ತಿರದ ನಮ್ಮ ಊರಿಂದ ಪ್ರತಿ ಭಾನುವಾರ ಸುದ್ದಿ ಕಳಿಸುವವಳು ನಾನೇ. ನಿಮ್ಮವರೂ ದೂರ ಇದ್ದರೆ ಹೀಗೆ ಮಾಡಿ ನೋಡಿ.

ಮೊದಲು ಹೊತ್ತು ನೋಡಿಕೊಳ್ಳಿ. ಇಲ್ಲಿ ಭಾನುವಾರ ಬೆಳಿಗ್ಗೆ ಏಳು ಅಂದರೆ ಅಲ್ಲಿ ಶನಿವಾರ ರಾತ್ರಿ ಎಂಟೂವರೆ. ನವೆಂಬರ್‌ನಲ್ಲಿ ಅವರು ಗಡಿಯಾರ ಒಂದು ತಾಸು ಹಿಂದಿಡುತ್ತಾರೆ, ಆಗ ಏಳೂವರೆ.

'ಎಲ್ಲಾ ಆರಾಮ' ಅಂತ ಸುಮ್ನೆ ಕಳಿಸಬೇಡಿ. ಅದರಲ್ಲಿ ಅವರಿಗೆ ಏನೂ ಕಾಣುವುದಿಲ್ಲ. ನಾನು ಗದ್ದೆಯ ಬದುವಿನ ಮೇಲೆ ನಿಂತೇ ವಾಯ್ಸ್ ಮೆಸೇಜ್ ಮಾಡುತ್ತೇನೆ. ಹಿಂದೆ ನೀರು ಬೀಳುವ ಸದ್ದು ಇರುತ್ತದೆ. "ನಾಟಿ ಮಾಡಿ ಇಪ್ಪತ್ತು ದಿನ ಆತು. ಸೋನಾ ಮಸೂರಿ ಇನ್ನೂ ಮೊಣಕಾಲಿಗೆ ಬಂದಿಲ್ಲ. ಬೇವಿನ ಗಿಡದ ಕಡೆ ಎಲಿ ಹಳದಿ ಆಗ್ಯಾವ." ಫೋಟೊ ಮಾತ್ರ ಪ್ರತಿ ವಾರ ಆ ಬೇವಿನ ಗಿಡದ ಬುಡದಿಂದಲೇ ತೆಗೆಯುತ್ತೇನೆ. ಅವನು ಹೋದ ವಾರದ್ದರ ಪಕ್ಕ ಇಟ್ಟು ನೋಡಿ, "ಅಕ್ಕಾ, ಹಸಿರು ಕಟ್ಟೈತಿ" ಅನ್ನುತ್ತಾನೆ.

ನೆಲ್ಲಿನ ರೇಟು 75 ಕೆಜಿ ಚೀಲಕ್ಕೋ ಕ್ವಿಂಟಲ್‌ಗೋ ಅಂತ ಬಿಡಿಸಿ ಹೇಳಿ. ಬೆಂಬಲ ಬೆಲೆ ಕ್ವಿಂಟಲ್ ಲೆಕ್ಕ, ನಮ್ಮ ವ್ಯಾಪಾರ ಚೀಲದ ಲೆಕ್ಕ. ಎರಡನ್ನೂ ಕಲೆಸಿಕೊಂಡು, ಅಪ್ಪನಿಗೆ ಮೋಸ ಆಯಿತು ಅಂತ ಅವನು ಒಂದು ರಾತ್ರಿ ನಿದ್ದೆಗೆಟ್ಟಿದ್ದ.

ಕೆಟ್ಟ ಸುದ್ದಿ ನಿಮ್ಮಿಂದಲೇ ಮೊದಲು ಹೋಗಲಿ. 2024ರ ಆಗಸ್ಟ್ 10ರ ರಾತ್ರಿ ಟಿಬಿ ಡ್ಯಾಮಿನ, ಅಂದರೆ ತುಂಗಭದ್ರಾ ಅಣೆಕಟ್ಟಿನ, 19ನೇ ಗೇಟು ಕೊಚ್ಚಿಹೋಯಿತು. ನಾವು ಹೇಳುವ ಮೊದಲೇ ವಿಡಿಯೊ ಅವನ ಮೊಬೈಲ್‌ಗೆ ಹೋಗಿತ್ತು. ಡ್ಯಾಮೇ ಒಡೆಯಿತು ಅಂದುಕೊಂಡು ನಡುಗುತ್ತಾ ಫೋನ್ ಮಾಡಿದ. 33 ಗೇಟಿನಲ್ಲಿ ಒಂದರ ಚೈನು ತುಂಡಾಗಿದೆ, ನಮ್ಮ ಊರು ಹೊಳೆಯಿಂದ ದೂರ ಇದೆ ಅಂತ ಒಂದೊಂದೇ ಹೇಳಿದ ಮೇಲೆ ಉಸಿರು ಬಿಟ್ಟ. ವಾರದೊಳಗೆ ಅಲ್ಲಿ ಸ್ಟಾಪ್‌ಲಾಗ್, ಅಂದರೆ ಗೇಟಿನ ಬದಲಿಗೆ ತಾತ್ಕಾಲಿಕವಾಗಿ ಹಾಕುವ ತಡೆ, ಇಳಿಸಿ ನೀರು ತಡೆದರು. ಆ ಸುದ್ದಿಯನ್ನು ನಾನೇ ಮೊದಲು ಮುಟ್ಟಿಸಿದೆ.

ಮನೆಯವರ ಆರೋಗ್ಯವನ್ನಂತೂ ಮುಚ್ಚಿಡಬೇಡಿ. ಅವ್ವ ಬಚ್ಚಲಲ್ಲಿ ಜಾರಿ ಮುಂಗೈ ಮುರಿದುಕೊಂಡಾಗ ನಾವು ಹೇಳಿರಲಿಲ್ಲ. ವಿಡಿಯೊ ಕಾಲ್‌ನಲ್ಲಿ ಅವನೇ ಕೇಳಿದ: "ಅವ್ವ ಯಾಕ ಎಡಗೈಲಿ ಚಾ ಕುಡಿಯಾಕತ್ಯಾಳ?" ನನಗೆ ಬಾಯಿ ಬರಲಿಲ್ಲ. ಈಗ ಅದೇ ದಿನ ಹೇಳುತ್ತೇನೆ, ಡಾಕ್ಟರ್ ಚೀಟಿಯ ಫೋಟೊ ಸಮೇತ. ಪ್ಲಾಸ್ಟರ್ ಬಿಚ್ಚಿ ಎರಡು ತಿಂಗಳಿಗೆ ಅವ್ವ ಬಲಗೈಯಲ್ಲಿ ರೊಟ್ಟಿ ಬಡಿಯುವ ವಿಡಿಯೊ ಕಳಿಸಿದೆ. ಆ ಸದ್ದಿಗೇ ಅಂತ ಮೂರು ಸಲ ಹಾಕಿಕೊಂಡು ಕೇಳಿದನಂತೆ.