ಮಳೆಗಾಲದಲ್ಲಿ ಮಕ್ಕಳ ಭುಜಕ್ಕೂ ರಜೆ ಕೊಡಿ

ಬದಿಯಡ್ಕ, ನೀರ್ಚಾಲು, ಕುಂಬಳೆ ಕಡೆಯ ಹೆತ್ತವರಿಗೆ ಒಂದು ಮಾತು. ಜೂನ್ ಬಂತು, ಗದ್ದೆಯಲ್ಲಿ ನೀರು ನಿಂತಿತು. ಆದರೂ ಶೀಟಿನ ಮಾಡಿನಡಿ ಮಕ್ಕಳ ಬೌಲಿಂಗ್ ನಿಂತಿಲ್ಲ, ಅಲ್ವಾ? "ಬಿಟ್ಟರೆ ಕೈ ತಪ್ಪುತ್ತದೆ" ಅಂತ ನಾನೂ ಮಗನಿಗೆ ಹೇಳುತ್ತಿದ್ದೆ. ಕಳೆದ ವರ್ಷ ಅವನು ಅಂಗಿ ಹಾಕಲು ಬಲಗೈ ಎತ್ತಲಾರದೆ ನಿಂತಾಗ ಬುದ್ಧಿ ಬಂತು.

ಬೇಸ್‌ಬಾಲ್‌ನವರು ಇದಕ್ಕೆ ಲೆಕ್ಕವನ್ನೇ ಇಟ್ಟಿದ್ದಾರೆ. ಅಮೆರಿಕದಲ್ಲಿ 2014ರಲ್ಲಿ ಬಂದ 'ಪಿಚ್ ಸ್ಮಾರ್ಟ್' ಸಲಹೆಯ ಪ್ರಕಾರ, 9ರಿಂದ 12 ವರ್ಷದ ಮಕ್ಕಳು ವರ್ಷದಲ್ಲಿ ಕನಿಷ್ಠ 4 ತಿಂಗಳು ಚೆಂಡು ಎಸೆಯಬಾರದು. ಅದರಲ್ಲಿ 2–3 ತಿಂಗಳು ಒಟ್ಟಿಗೇ ಸಿಗಬೇಕು. 11–12ರ ಹುಡುಗರಿಗೆ ದಿನಕ್ಕೆ ಹೆಚ್ಚೆಂದರೆ 85 ಎಸೆತ. 66 ಮುಟ್ಟಿದರೆ ಮತ್ತೆ 4 ದಿನ ವಿಶ್ರಾಂತಿ. ನಮ್ಮಲ್ಲಿ ಭಾನುವಾರ ಯಾರು ಲೆಕ್ಕ ಇಡುತ್ತಾರೆ!

ಕಾರಣ ಸರಳ. ಬೆಳೆಯುವ ಮಕ್ಕಳ ಎಲುಬಿನ ತುದಿ ಇನ್ನೂ ಮೆದು. ಒಂದೇ ಜಾಗಕ್ಕೆ ದಿನವೂ ಎಳೆತ ಬಿದ್ದರೆ ಅದು ಸರಿಯಾಗಲು ಪುರುಸೊತ್ತೇ ಇಲ್ಲ. ಕ್ರಿಕೆಟ್‌ನ ವೇಗದ ಬೌಲರ್‌ಗಳಿಗೆ ಸೊಂಟದ ಎಲುಬಿನಲ್ಲಿ ಬಿರುಕು ಬರುವುದೂ ಹೀಗೆಯೇ.

ರಜೆ ಅಂದರೆ ಸುಮ್ನೆ ಮೊಬೈಲ್ ಹಿಡಿದು ಕೂರುವುದಲ್ಲ. ಮಳೆಯಲ್ಲಿ ಫುಟ್‌ಬಾಲ್ ಆಡಲಿ, ಚಾವಡಿಯಲ್ಲಿ ಹಗ್ಗ ಹಾರಲಿ, ಬಸ್ಕಿ ತೆಗೆಯಲಿ. ಕಾಲು, ಸೊಂಟ ಗಟ್ಟಿಯಾದರೆ ಭುಜದ ಭಾರ ಕಡಿಮೆ. ಮಳೆ ಬಿಟ್ಟ ಮೇಲೆ ಮೊದಲ ವಾರ ಹತ್ತಿರದಿಂದ ನಿಧಾನ ಎಸೆತ ಮಾತ್ರ. ಆಮೇಲೆ ವಾರವಾರ ಸ್ವಲ್ಪ ಜಾಸ್ತಿ. ನೋವು ಅಂದರೆ ಅಲ್ಲಿಗೇ ನಿಲ್ಲಿಸಿ, ಎಣ್ಣೆ ತಿಕ್ಕಿ ಮತ್ತೆ ಆಡಿಸಬೇಡಿ, ಡಾಕ್ಟರಿಗೆ ತೋರಿಸಿ.