ಪೆಡಲ್ ಆಮೇಲೆ, ಮೊದಲು ಶೂ ತಗೊಳ್ಳಿ

ಬೆಂಗಳೂರಿನ ಅವಲಹಳ್ಳಿ ಕಡೆಯ ಮಣ್ಣು ದಾರಿಯಲ್ಲಿ ಭಾನುವಾರ ಬೆಳಿಗ್ಗೆ ಇದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಹೊಸ ಕ್ಲಿಪ್‌ಲೆಸ್ ಪೆಡಲ್, ಹೊಸ ಶೂ. ಕಲ್ಲು ಅಡ್ಡ ಬರುತ್ತದೆ, ಬ್ರೇಕ್ ಹಿಡಿಯುತ್ತಾರೆ, ಸೈಕಲ್ ನಿಲ್ಲುತ್ತದೆ, ಕಾಲು ಮಾತ್ರ ಬಿಡುವುದಿಲ್ಲ. ಗೊನೆ ಕಡಿದ ಬಾಳೆಗಿಡದ ಹಾಗೆ ನಿಧಾನಕ್ಕೆ ವಾಲಿ ಬೀಳುತ್ತಾರೆ. ಎದ್ದವರು ಪೆಡಲ್‌ಗೆ ಬೈಯುತ್ತಾರೆ. ತಪ್ಪು ಬಹಳ ಸಲ ಶೂ ತಳದ ಎರಡು ಬೋಲ್ಟ್‌ಗಳದ್ದು.

ಹೆಸರೇ ಒಂದು ಗೊಂದಲ. ಕಾಲನ್ನು ಗಟ್ಟಿಯಾಗಿ ಹಿಡಿಯುವ ಪೆಡಲ್‌ಗೆ ‘ಕ್ಲಿಪ್‌ಲೆಸ್’ ಅಂತ ಯಾಕೆ? ಹಿಂದೆ ಪೆಡಲ್ ಮುಂದೆ ಬೆರಳು ತೂರಿಸಲು ಪಂಜರ, ಪಟ್ಟಿ ಇರುತ್ತಿದ್ದವು. ಅದು ಟೋ ಕ್ಲಿಪ್. ಅದಿಲ್ಲದ್ದು ಕ್ಲಿಪ್‌ಲೆಸ್, ಅಷ್ಟೇ. 1984ರಲ್ಲಿ ಫ್ರಾನ್ಸಿನ ಲುಕ್ ಕಂಪನಿ ಹಿಮದ ಮೇಲೆ ಜಾರುವ ಸ್ಕೀ ಬೂಟಿನ ಕೊಂಡಿಯನ್ನೇ ರಸ್ತೆ ಸೈಕಲ್‌ಗೆ ಹೊಂದಿಸಿತು. ಮರುವರ್ಷ ಫ್ರಾನ್ಸಿನದೇ ಸೈಕಲ್ ಓಟಗಾರ ಬರ್ನಾರ್ ಇನೋ ಅದನ್ನು ತುಳಿದೇ ಟೂರ್ ಡಿ ಫ್ರಾನ್ಸ್ ಗೆದ್ದರು. ಕ್ಲೀಟ್ ಅಂದರೆ ಶೂ ತಳಕ್ಕೆ ಬೋಲ್ಟ್ ಹಾಕಿ ಕೂರಿಸುವ, ಪೆಡಲ್ ಕಚ್ಚಿಕೊಳ್ಳುವ ತುಂಡು. ಮಣ್ಣಿಗೆ ಒಗ್ಗುವ ಸಣ್ಣ ಕ್ಲೀಟ್ ಬಂದದ್ದು 1990ರಲ್ಲಿ, ಜಪಾನಿನ ಶಿಮಾನೊ ಕಂಪನಿಯ ಎಸ್‌ಪಿಡಿ ಪೆಡಲ್ ಜೊತೆ.

ಮೊದಲು ಶೂ. ತಳದಲ್ಲಿ ಎರಡು ಬೋಲ್ಟ್‌ನ ಕ್ಲೀಟ್ ಕೂರುವಂಥದ್ದು ಬೇಕು. ಮೂರು ಬೋಲ್ಟ್‌ನದು ರಸ್ತೆ ಶೂ. ಅರ್ಧ ಬೆಲೆಗೆ ಸಿಕ್ಕರೂ ಬೇಡ, ಮಣ್ಣಿನ ಏರಿನಲ್ಲಿ ಇಳಿದು ಸೈಕಲ್ ತಳ್ಳುವಾಗ ಜಾರಿ ಬೀಳುತ್ತೀರಿ. ಸಂಜೆ ಹೊತ್ತು ಅಂಗಡಿಗೆ ಹೋಗಿ, ಅಷ್ಟೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ. ಸೈಕಲ್ ಹೊಡೆಯುವಾಗ ಹಾಕುವ ಸಾಕ್ಸನ್ನೇ ಹಾಕಿಕೊಂಡು ನೋಡಿ. ಬೆರಳು ಮುಂದಕ್ಕೆ ತಾಗಬಾರದು, ಹಿಮ್ಮಡಿ ಮೇಲೇಳಬಾರದು. ತಿರುಗಿಸಿ ಬಿಗಿ ಮಾಡುವ ಡಯಲ್ ಇರುವ ಶೂ ನೋಡಲು ಚೆಂದ. ನನಗೆ ಮಾತ್ರ ಲೇಸೇ ಬೇಕು. ಡಯಲ್ ಕಲ್ಲಿಗೆ ಬಡಿದು ಒಡೆದರೆ ಕಾಡಿನ ಮಧ್ಯೆ ಏನು ಮಾಡುತ್ತೀರಿ? ಲೇಸ್ ಹರಿದರೆ ಗಂಟು ಹಾಕಿದರಾಯಿತು.

ಪೆಡಲ್ ಆರಿಸುವುದು ಸುಲಭ. ಎರಡೂ ಮಗ್ಗುಲಲ್ಲಿ ಕಚ್ಚುವ ಸಾದಾ ಎಸ್‌ಪಿಡಿ ತಗೊಳ್ಳಿ. ಇಳಿಜಾರಿನ ಹುಚ್ಚಿದ್ದರೆ ಸುತ್ತ ಅಗಲ ಚೌಕಟ್ಟು ಇರುವುದು. ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಕ್ಲಿಪ್ ಇರುವುದು ಆಫೀಸಿಗೆ ಹೋಗಲು ಸರಿ. ಕಾಡಿನಲ್ಲಿ ಬೇಕಾದಾಗೆಲ್ಲ ಬೇಡದ ಮಗ್ಗುಲೇ ಮೇಲಿರುತ್ತದೆ. ಕ್ರ್ಯಾಂಕ್‌ಬ್ರದರ್ಸ್ ಕಂಪನಿಯ ಪೆಡಲ್ ಕೆಸರಿಗೆ ಒಳ್ಳೆಯದು, ಆದರೆ ಅದರ ಹಿತ್ತಾಳೆ ಕ್ಲೀಟ್ ಬೇಗ ಸವೆಯುತ್ತದೆ. ಹೆಸರೇ ಇಲ್ಲದ ಅಗ್ಗದ ನಕಲು ಪೆಡಲ್ ಒಮ್ಮೆ ತಂದಿದ್ದೆ. ಎಡಗಾಲು ಬಿಡುತ್ತಿತ್ತು, ಬಲಗಾಲು ಬಿಡುತ್ತಿರಲಿಲ್ಲ. ಈಗ ಅದು ಅಟ್ಟದ ಮೇಲಿದೆ.

ಇನ್ನು ಕ್ಲೀಟ್. ಎಲ್ಲರೂ ಐದು ನಿಮಿಷದಲ್ಲಿ ಮುಗಿಸುವ ಕೆಲಸ. ನೀವು ಒಂದು ಸಂಜೆಯನ್ನೇ ಇಟ್ಟುಕೊಳ್ಳಿ.

ಶೂ ಹಾಕಿ ನಿಂತು, ಹೆಬ್ಬೆರಳ ಬುಡದಲ್ಲಿ ಉಬ್ಬಿರುವ ಮೂಳೆಯನ್ನು ಶೂ ಮೇಲಿಂದಲೇ ಒತ್ತಿ ಹುಡುಕಿ. ಅಲ್ಲೊಂದು ಪೆನ್ ಗುರುತು. ಕಿರುಬೆರಳ ಬುಡಕ್ಕೂ ಒಂದು. ಶೂ ಬಿಚ್ಚಿ ತಳದಲ್ಲಿ ಎರಡನ್ನೂ ಗೆರೆ ಎಳೆದು ಸೇರಿಸಿ. ಕ್ಲೀಟ್‌ನ ನಡುಭಾಗ ಈ ಗೆರೆಯ ಮೇಲೆ, ಇಲ್ಲವೇ ಐದಾರು ಮಿಲಿಮೀಟರ್ ಹಿಂದೆ ಇರಲಿ. ನಾನು ಹಿಂದೆಯೇ ಇಡುತ್ತೇನೆ, ಪೆಡಲ್ ಮೇಲೆ ನಿಂತು ಇಳಿಯುವಾಗ ಮೀನಖಂಡಕ್ಕೆ ಆಯಾಸ ಕಡಿಮೆ. ಮುಂದಕ್ಕೆ ಮಾತ್ರ ಬೇಡ.

ಕೋನಕ್ಕೆ ಒಂದು ಉಪಾಯ. ಎತ್ತರದ ಮೇಜಿನ ಅಂಚಿನಲ್ಲಿ ಕೂತು ಕಾಲು ಸುಮ್ನೆ ಇಳಿಬಿಡಿ. ಬೆರಳು ಹೊರಕ್ಕೆ ತಿರುಗಿದ್ದರೆ ತಿರುಗಿರಲಿ. ಶೂ ಪೆಡಲ್ ಮೇಲೆ ಇದ್ದಾಗಲೂ ಪಾದ ಅದೇ ದಿಕ್ಕಿಗೆ ಇರುವ ಹಾಗೆ ಕ್ಲೀಟ್ ಹೊಂದಿಸಿ. ಎರಡು ಕಾಲೂ ಒಂದೇ ಥರ ಇರಬೇಕೆಂದಿಲ್ಲ. ನೋಡಲು ನೇರ ಇರಲಿ ಅಂತ ಒತ್ತಾಯಕ್ಕೆ ಕೂರಿಸಿದರೆ ಮಂಡಿಯ ಒಳಮಗ್ಗುಲು ನೋಯಲು ಶುರು.

ಬೋಲ್ಟ್‌ನ ಮರೆಗೆ, ಅಂದರೆ ಥ್ರೆಡ್ಡಿಗೆ, ಗ್ರೀಸ್ ಹಚ್ಚಿ, 4 ಎಂ.ಎಂ. ಅಲೆನ್ ಕೀ ಹಾಕಿ, ಅದಕ್ಕಿಷ್ಟು ಇದಕ್ಕಿಷ್ಟು ಅಂತ ಬಿಗಿ ಮಾಡುತ್ತಾ ಬನ್ನಿ. ಬಿಗಿತ ಅಳೆಯುವ ಟಾರ್ಕ್ ಕೀ ಇದ್ದರೆ 5ರಿಂದ 6 ನ್ಯೂಟನ್ ಮೀಟರ್. ‘ಸಾಕು’ ಅನಿಸಿದ ಮೇಲೂ ಸ್ವಲ್ಪ ಬೇಕಾಗುತ್ತದೆ, ಕ್ಲೀಟ್‌ನ ಹಲ್ಲು ತಳಕ್ಕೆ ಕಚ್ಚಿಕೊಳ್ಳಬೇಕು. ಇದು ಸಡಿಲವಾದರೆ ಏನಾಗುತ್ತದೆ ಗೊತ್ತಾ? ಹಿಮ್ಮಡಿ ತಿರುಗುತ್ತದೆ, ಶೂ ತಿರುಗುತ್ತದೆ, ಕ್ಲೀಟ್ ಮಾತ್ರ ಪೆಡಲ್‌ನಲ್ಲೇ ಕೂತಿರುತ್ತದೆ. ಸಕಲೇಶಪುರದ ಒಂದು ಏರಿನಲ್ಲಿ ನನಗೆ ಹೀಗೇ ಆಯಿತು. ಬಿಗಿ ಮಾಡಿದ್ದು ಅಂಗಡಿಯ ಹುಡುಗ, ನಾನು ನೋಡಿಕೊಂಡಿರಲಿಲ್ಲ. ಬಿದ್ದಲ್ಲೇ ಲೇಸ್ ಬಿಚ್ಚಿ, ಕಾಲು ಹೊರಗೆಳೆದುಕೊಂಡು, ಸೈಕಲ್‌ಗೆ ನೇತಾಡುತ್ತಿದ್ದ ಶೂ ನೋಡುತ್ತಾ ಕೂತಿದ್ದೆ. ಮೊದಲ ಸವಾರಿ ಮುಗಿದ ಕೂಡಲೇ ಇನ್ನೊಮ್ಮೆ ಬಿಗಿ ಮಾಡಿ. ಕಚ್ಚುವಾಗ ಟಕ್ ಅನ್ನುವ ಶಬ್ದ ಬರದಿದ್ದರೆ ತಳದ ರಬ್ಬರ್ ಪೆಡಲ್‌ಗೆ ತಾಗುತ್ತಿದೆ ಎಂದರ್ಥ. ಬ್ಲೇಡಿನಿಂದ ಚೂರು ಕೆತ್ತಿ.

ಪೆಡಲ್ ಹಾಕುವಾಗ ನೆನಪಿಡಿ, ಎಡಗಡೆಯದಕ್ಕೆ ಉಲ್ಟಾ ಮರೆ. ಎರಡನ್ನೂ ಸೈಕಲ್‌ನ ಮುಂದಿನ ಚಕ್ರದ ಕಡೆಗೆ ತಿರುಗಿಸಿದರೆ ಬಿಗಿಯಾಗುತ್ತವೆ.

ಎಸ್‌ಪಿಡಿ ಆದರೆ, ಕ್ಲೀಟನ್ನು ಎಷ್ಟು ಗಟ್ಟಿಯಾಗಿ ಹಿಡಿಯಬೇಕೆಂದು ಹೊಂದಿಸುವ ಸ್ಪ್ರಿಂಗ್ ಸ್ಕ್ರೂಗೆ 3 ಎಂ.ಎಂ. ಕೀ. ಎರಡೂ ಪೆಡಲ್ ಸೇರಿ ನಾಲ್ಕು ಸ್ಕ್ರೂ ಇರುತ್ತವೆ, ನಾಲ್ಕನ್ನೂ ಪೂರ್ತಿ ಸಡಿಲಕ್ಕೆ ತನ್ನಿ. ಜೋರಾಗಿ ತಿರುಗಿಸಿ ಸ್ಕ್ರೂ ಹೊರಗೆ ಬರಿಸಬೇಡಿ. ಬೆಳ್ಳಿ ಬಣ್ಣದ ಎಸ್‌ಎಚ್ 56 ಕ್ಲೀಟ್ ಹಲವು ದಿಕ್ಕಿಗೆ ಬಿಡುತ್ತದೆ, ಹೊಸಬರಿಗೆ ಅದೇ ಸರಿ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕುಲುಕುವ ದಾರಿಯಲ್ಲಿ ಬೇಡದಾಗ ಕಾಲು ಕಿತ್ತು ಬಂದರೆ ಬೀಳುವುದು ಇನ್ನೂ ಜೋರು. ಪಕ್ಕಕ್ಕೆ ತಿರುಗಿಸಿದರಷ್ಟೇ ಬಿಡುವ ಕಪ್ಪನೆಯ ಎಸ್‌ಎಚ್ 51 ಇರಲಿ, ಸ್ಪ್ರಿಂಗ್ ಸಡಿಲ ಇರಲಿ.

ಆಮೇಲೆ ಗೋಡೆ ಹಿಡಿದು ಕಾಲು ಕಚ್ಚಿಸಿ ಬಿಡಿಸುವ ಅಭ್ಯಾಸ. ಒಂದೊಂದು ಕಾಲಿಗೆ ಐವತ್ತು ಸಲ. ಮೇಲಕ್ಕೆ ಎಳೆಯಬೇಡಿ, ಹಿಂದಕ್ಕೂ ಬೇಡ. ಹಿಮ್ಮಡಿ ಹೊರಕ್ಕೆ, ಸಿಗರೇಟು ತುಂಡು ಹೊಸಕುವ ಹಾಗೆ. ಮರುದಿನ ಹುಲ್ಲಿನ ಮೈದಾನ. ನಿಲ್ಲುವುದಕ್ಕೆ ಮೊದಲೇ ಕಾಲು ಬಿಡಿಸಿ, ನಿಂತ ಮೇಲೆ ಅಲ್ಲ.

ಮಳೆಗಾಲದಲ್ಲಿ ಇನ್ನೊಂದು ಕಾಟ. ಬೋಲ್ಟ್ ತಲೆಯ ಗುಳಿಯಲ್ಲಿ ಮಣ್ಣು ಕೂತು ಒಣಗಿ ಕಲ್ಲಾಗುತ್ತದೆ. ಹಾಗೇ ಕೀ ತೂರಿಸಿ ತಿರುಗಿಸಿದರೆ ಗುಳಿಯ ಅಂಚು ಸವೆದು ದುಂಡಗಾಗಿ, ಆ ಬೋಲ್ಟ್ ಜನ್ಮದಲ್ಲಿ ಬರುವುದಿಲ್ಲ. ಮೊದಲು ಸೇಫ್ಟಿ ಪಿನ್‌ನಿಂದ ಮಣ್ಣು ಕೆದಕಿ ತೆಗೆಯಿರಿ.