ತೋಟದ ಕೆರೆಯ ಮೀನಿಗೆ ಹಿಂಡಿ ಎಷ್ಟು, ತೌಡು ಎಷ್ಟು?

ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮ ಕಾಫಿ ತೋಟ. ಸ್ಪ್ರಿಂಕ್ಲರ್‌ಗೆ ಅಂತ ತೋಡಿದ ಕೆರೆಯಲ್ಲೇ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಸಾಕುತ್ತೇನೆ; ಮೂರೂ ಗೆಂಡೆ (ಕಾರ್ಪ್) ಜಾತಿಯವೇ. ಮೀನು ಸಾಕಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಖರ್ಚು ಮೇವಿಗೇ ಹೋಗುತ್ತದೆ. ಆದರೂ ನಮ್ಮ ಕಡೆ ಮರಿಯ ಬಗ್ಗೆ ಮಾತಾಡುವಷ್ಟು ಮೇವಿನ ಲೆಕ್ಕದ ಬಗ್ಗೆ ಮಾತಾಡುವುದಿಲ್ಲ.

ಪಕ್ಕದ ತೋಟದ ಹುಡುಗ ಒಮ್ಮೆ ಕೇಳಿದ: “ಅಣ್ಣಾ, ಹಿಂಡಿ ಜಾಸ್ತಿ ಹಾಕಿದ್ರೆ ಮೀನು ಬೇಗ ಬೆಳೆಯಲ್ವಾ?” ಒಂದು ಮಟ್ಟದವರೆಗೆ ಬೆಳೆಯುತ್ತದೆ, ಆಮೇಲೆ ಇಲ್ಲ. ಹಿಂಡಿಯಿಂದ ಮುಖ್ಯವಾಗಿ ಸಿಗುವುದು ಪ್ರೋಟೀನ್; ತೌಡು, ಮುಸುಕಿನ ಜೋಳದಿಂದ ಶಕ್ತಿ. ಮೀನಿಗೆ ಈಜಲು, ಉಸಿರಾಡಲು ಮೊದಲು ಶಕ್ತಿ ಬೇಕು. ಪಿಷ್ಟದಿಂದ, ಕೊಬ್ಬಿನಿಂದ ಅದು ಸಿಗದಿದ್ದರೆ ಪ್ರೋಟೀನನ್ನೇ ಸುಡುತ್ತದೆ. ಮೈ ಕಟ್ಟಬೇಕಾದ ದುಬಾರಿ ವಸ್ತು ಹೀಗೆ ಉರಿದುಹೋಗುವುದು ಬೀಟೆ ಮರವನ್ನು ಸೌದೆ ಮಾಡಿ ಒಲೆಗೆ ಹಾಕಿದ ಹಾಗೆ. ಪ್ರೋಟೀನಿನಲ್ಲಿದ್ದ ಸಾರಜನಕ ಅಮೋನಿಯಾ ಆಗಿ ಕಿವಿರಿನ ಮೂಲಕ ನೀರಿಗೆ ಸೇರುತ್ತದೆ. ದುಡ್ಡೂ ಹೋಯಿತು, ನೀರೂ ಕೆಟ್ಟಿತು.

ಹಾಗಂತ ಬರೀ ತೌಡು ಸುರಿದರೂ ಆಗಲ್ಲ. ಶಕ್ತಿ ಸಾಕು ಅನ್ನಿಸಿದರೆ ಮೀನು ತಿನ್ನುವುದನ್ನೇ ಕಡಿಮೆ ಮಾಡುತ್ತದೆ. ಬೇಕಾದಷ್ಟು ಪ್ರೋಟೀನ್ ಹೊಟ್ಟೆಗೆ ಹೋಗಿರುವುದಿಲ್ಲ, ಮಿಕ್ಕ ಶಕ್ತಿ ಕೊಬ್ಬಾಗಿ ಕೂರುತ್ತದೆ. ಇದನ್ನು ತಿಳಿಯಲು ಲ್ಯಾಬ್ ಬೇಡ. ನಾನು ಆಗಾಗ ಬೀಸುಬಲೆಯಲ್ಲಿ ಒಂದು ಗೆಂಡೆ ಹಿಡಿದು ಅಡುಗೆಮನೆಗೆ ತರುತ್ತೇನೆ. ಹೊಟ್ಟೆ ಸೀಳುವಾಗ ಪಕ್ಕದಲ್ಲೇ ನಿಂತು ನೋಡುತ್ತೇನೆ. ಕರುಳಿನ ಸುತ್ತ ಬಿಳಿ ಕೊಬ್ಬು ತೆಳ್ಳಗೆ, ಎಳೆ ಎಳೆಯಾಗಿ ಇದ್ದರೆ ಮೇವು ಸರಿಯಾಗಿದೆ. ಕರುಳೇ ಕಾಣದಂತೆ ಮುದ್ದೆಯಾಗಿ ಮುಚ್ಚಿಕೊಂಡಿದ್ದರೆ ತೌಡು, ಜೋಳ ಇಳಿಸುತ್ತೇನೆ. ತಕ್ಕಡಿಯಲ್ಲಿ ಇದು ಗೊತ್ತಾಗಲ್ಲ. ಕೊಬ್ಬಿದ ಮೀನೂ ತೂಕ ಬರುತ್ತದೆ, ಅಲ್ವಾ?

ಈಗ ನನ್ನ ಮಿಶ್ರಣ. 10 ಕಿಲೋ ಮೇವಿಗೆ 5 ಕಿಲೋ ಕಡಲೆಕಾಯಿ ಹಿಂಡಿ, 4 ಕಿಲೋ ಅಕ್ಕಿ ತೌಡು, 1 ಕಿಲೋ ಮುಸುಕಿನ ಜೋಳದ ಹಿಟ್ಟು. ಹಿಂಡಿಯಲ್ಲಿ ಪ್ರೋಟೀನ್ ಶೇ 40ರ ಆಸುಪಾಸು, ತೌಡಿನಲ್ಲಿ 12, ಜೋಳದಲ್ಲಿ 9 ಅಂತ ಹಿಡಿದರೆ ಒಟ್ಟು ಮೇವಿನಲ್ಲಿ ಶೇ 25–26 ಬರುತ್ತದೆ. ಬೆಳೆಯುವ ಗೆಂಡೆ ಜಾತಿಗೆ ಇಷ್ಟು ಸಾಕು. ಸಣ್ಣ ಮರಿಗಳಿಗೆ ಮಾತ್ರ ಇನ್ನೂ ಜಾಸ್ತಿ ಬೇಕು. ಜೋಳದ ಹಿಟ್ಟನ್ನು ಗಂಜಿಯಂತೆ ಬೇಯಿಸಿಯೇ ಸೇರಿಸುತ್ತೇನೆ. ಬೆಂದ ಪಿಷ್ಟ ಮೀನಿಗೆ ಚೆನ್ನಾಗಿ ಜೀರ್ಣವಾಗುತ್ತದೆ, ಉಂಡೆಯೂ ನೀರಿನಲ್ಲಿ ಬೇಗ ಒಡೆಯುವುದಿಲ್ಲ. ಸೋಯಾ ಹಿಂಡಿ ಸಿಕ್ಕಾಗ ಕಡಲೆಕಾಯಿ ಹಿಂಡಿಯ ಒಂದು ಪಾಲು ತೆಗೆದು ಅದನ್ನು ಹಾಕುತ್ತೇನೆ. ಪ್ರೋಟೀನ್ ಕಟ್ಟುವ ಬಿಡಿಭಾಗಗಳಿಗೆ ಅಮೈನೋ ಆಮ್ಲ ಅನ್ನುತ್ತಾರೆ. ಅವುಗಳಲ್ಲೊಂದಾದ ಲೈಸಿನ್ ಕಡಲೆಕಾಯಿ ಹಿಂಡಿಯಲ್ಲಿ ಕಡಿಮೆ, ಸೋಯಾದಲ್ಲಿ ಅದು ಚೆನ್ನಾಗಿದೆ. ಬೇಕಾದ ಒಂದು ಅಮೈನೋ ಆಮ್ಲ ಕಡಿಮೆ ಬಿದ್ದರೂ ಉಳಿದವು ಮಾಂಸವಾಗದೆ ಸುಟ್ಟುಹೋಗುತ್ತವೆ.

ತೌಡು ಕೊಳ್ಳುವಾಗ ಎಣ್ಣೆ ತೆಗೆದದ್ದೋ ತೆಗೆಯದ್ದೋ ಅಂತ ಕೇಳಲೇಬೇಕು. ಎಣ್ಣೆ ತೆಗೆದ ತೌಡಿನಲ್ಲಿ ಪ್ರೋಟೀನ್ ಸ್ವಲ್ಪ ಮೇಲಿರುತ್ತದೆ, ಶಕ್ತಿ ಮಾತ್ರ ಬಹಳ ಕಡಿಮೆ. ಒಂದು ಗ್ರಾಂ ಕೊಬ್ಬಿನಲ್ಲಿ ಸುಮಾರು 9 ಕಿಲೋ ಕ್ಯಾಲೊರಿ, ಪಿಷ್ಟದಲ್ಲಾಗಲಿ ಪ್ರೋಟೀನಿನಲ್ಲಾಗಲಿ ಸುಮಾರು 4. ಹಾಗಾಗಿ ಎಣ್ಣೆ ತೆಗೆದದ್ದೇ ಸಿಕ್ಕಿದರೆ ಜೋಳ ಸ್ವಲ್ಪ ಏರಿಸುತ್ತೇನೆ.

ಕೆರೆಯೂ ಮೇವು ಕೊಡುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಕು. ನೀರು ತಿಳಿ ಹಸಿರಾಗಿದ್ದಾಗ ಅದರಲ್ಲಿರುವ ಪಾಚಿ, ಸೂಕ್ಷ್ಮ ಜೀವಿಗಳಲ್ಲೇ ಪ್ರೋಟೀನ್ ಧಾರಾಳ. ಮೊಣಕೈವರೆಗೆ ಕೈ ಮುಳುಗಿಸಿ ನೋಡುತ್ತೇನೆ. ಅಂಗೈ ಮಸುಕಾದರೆ ಆಹಾರ ಇದೆ ಅಂತ. ಮೀನು ಚಿಕ್ಕದಾಗಿ, ಕೆರೆ ಖಾಲಿ ಖಾಲಿ ಇರುವಾಗ ಹಿಂಡಿ ಇಳಿಸಿ ತೌಡು ಏರಿಸಿದರೂ ನಡೆಯುತ್ತದೆ. ಮೀನಿನ ಒಟ್ಟು ತೂಕ ಏರಿದ ಮೇಲೆ ಅಷ್ಟು ಬಾಯಿಗೆ ಕೆರೆಯ ಆಹಾರ ಸಾಲುವುದಿಲ್ಲ, ಆಗ ಹಿಂಡಿ ಬೇಕೇ ಬೇಕು.

ದಿನಕ್ಕೆ ಮೀನಿನ ಒಟ್ಟು ತೂಕದ ಶೇ 2–3ರಷ್ಟು ಮೇವು ಅನ್ನುವುದು ಬಿಸಿಲ ದಿನಗಳ ಲೆಕ್ಕ. ಗೆಂಡೆ ಜಾತಿಗೆ 25ರಿಂದ 30 ಡಿಗ್ರಿ ನೀರು ಹಿತ. ನಮ್ಮ ಜುಲೈ ಮಳೆಯಲ್ಲಿ ನೀರು ಅದಕ್ಕಿಂತ ತಣ್ಣಗಾಗುತ್ತದೆ, ಮೀನಿನ ಮೈಯೂ ಅಷ್ಟೇ ತಣ್ಣಗಾಗುತ್ತದೆ, ಹಸಿವು ಇಳಿಯುತ್ತದೆ. ಮೋಡ ಕವಿದು ಬಿಸಿಲೇ ಇಲ್ಲದಿದ್ದರೆ ಪಾಚಿ ಆಮ್ಲಜನಕ ಕೊಡುವುದೂ ಕಡಿಮೆ. ಅಂಥ ದಿನ ಮೇವನ್ನು ಅರ್ಧಕ್ಕೆ ಇಳಿಸುತ್ತೇನೆ. ಬಿದಿರು ಗೂಟಕ್ಕೆ ಕಟ್ಟಿದ ಬುಟ್ಟಿಯಲ್ಲಿ ಮೇವಿಟ್ಟು ನೀರಿಗೆ ಇಳಿಸಿ, ಎರಡು ಗಂಟೆ ಬಿಟ್ಟು ಎತ್ತುತ್ತೇನೆ, ತಳದಲ್ಲಿ ಮೇವು ಉಳಿದಿದ್ದರೆ ಮರುದಿನ ಇನ್ನೂ ಕಡಿಮೆ.

ಮಳೆಗಾಲದಲ್ಲಿ ದಾಸ್ತಾನಿನದೇ ದೊಡ್ಡ ಚಿಂತೆ. ಎಣ್ಣೆ ಇರುವ ತೌಡು ಬೇಗ ಕಮಟು ಹಿಡಿಯುತ್ತದೆ. ಹಿಂಡಿಗೆ ಬೂಷ್ಟು ಬಂದರೆ ಅಫ್ಲಾಟಾಕ್ಸಿನ್ ಅನ್ನುವ ವಿಷ ಸೇರಿರಬಹುದು. ಅದು ಮೀನಿನ ಪಿತ್ತಜನಕಾಂಗಕ್ಕೆ ಹೊಡೆಯುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಅದಕ್ಕೇ ಜೂನ್‌ನಿಂದ ಮೂಟೆಗಟ್ಟಲೆ ತರುವುದಿಲ್ಲ. ವಾರಕ್ಕೆ ಬೇಕಾದಷ್ಟೇ ತಂದು, ನೆಲಕ್ಕೆ ತಾಗದಂತೆ ಹಲಗೆ ಮೇಲೆ, ಗೋಡೆಯಿಂದ ದೂರ ಇಡುತ್ತೇನೆ. ಹಸಿರು ಬೂಷ್ಟು ಕಂಡ ಹಿಂಡಿ ಎಷ್ಟೇ ದುಬಾರಿಯಾಗಿರಲಿ, ಕೆರೆಗೆ ಹಾಕದೆ ಗೊಬ್ಬರದ ಗುಂಡಿಗೆ ಹಾಕುತ್ತೇನೆ.